ಕಾಡುಬೆಕ್ಕಿಗೆ ಯಾವ ಬಣ್ಣ ಛಲೋ?

ಸೂರ್ಯ ಹುಟ್ಟುವುದರೊಳಗೆ ಆರು ಸಲ ಬಣ್ಣ ಬದಲಿಸುವ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡಿದ್ದಷ್ಟೇ ಅಲ್ಲ, ನಾಲ್ಕು ತಿಂಗಳು ದಿನಾಲೂ ನನ್ನ ಸ್ಕೂಟಿಯ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ತಿರುಗಿದ್ದೇನೆ! ಅವರು ನನ್ನ ಕಾಕಾ, ಅಪ್ಪನ ಖಾಸಾ ತಮ್ಮ. ಗೋಸುಂಬೆಯಾದರೂ ಪ್ರಾಣಭಯಕ್ಕೆ ಬಣ್ಣ ಬದಲಿಸುತ್ತದೆ. ಕಾಕಾನದು ಬರೀ ಹಟ ಎಂದು ನಾನು ಬಹಳ ದಿನ ನಂಬಿದ್ದೆ.

ಪ್ರಾಣಿಶಾಸ್ತ್ರದ ಎಂ.ಎಸ್ಸಿ.ಯ ಕೊನೆಯ ವರ್ಷಕ್ಕೆ ನಾನು ಆರಿಸಿಕೊಂಡ ವಿಷಯ, ಗಂಗಾವತಿ ಸುತ್ತಿನ ಭತ್ತದ ಗದ್ದೆಗಳಲ್ಲಿರುವ ಕಾಡುಬೆಕ್ಕು. ಅದು ಮನುಷ್ಯರಿಗೆ ಸಿಗುವುದು ನಸುಕಿನಲ್ಲಿ ಮಾತ್ರ. ಅಪ್ಪ ಕೇಳಿದವರೇ, "ಹುಡುಗಿ ಒಬ್ಬಾಕಿನ ಮಬ್ಬಿನ್ಯಾಗ ಗದ್ದಿಗೆ ಹೋಗೂದಾ? ಬೆಕ್ಕೂ ಬ್ಯಾಡ, ಡಿಗ್ರೀನೂ ಬ್ಯಾಡ" ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ವಾದಿಸುವುದು ನನಗೆ ಬರುವುದಿಲ್ಲ. ಸುಮ್ಮನೆ ನನ್ನ ಪುಸ್ತಕಗಳನ್ನು ಜೋಡಿಸತೊಡಗಿದೆ. ಮೂಲೆಯಲ್ಲಿ ಮಂಡಕ್ಕಿ ತಿನ್ನುತ್ತಿದ್ದ ಕಾಕಾ ತಲೆ ಎತ್ತದೇ, "ನಾ ಹೊಕ್ಕೀನಲ್ಲ ಆಕಿ ಜೋಡಿ" ಎಂದರು.

"ನೀ ಒಂದಿನ ತಪ್ಪಿಸಿದ್ರ ಆಕಿದು ಅಲ್ಲಿಗೇ ಬಂದ್, ನೋಡು!" ಎಂದರು ಅಪ್ಪ.

"ಬಂದ್ ಮಾಡಪಾ. ತಪ್ಪಿಸಿದ್ರ ತಾನ?"

ಹೀಗೆ ನನ್ನ ಪದವಿ ಕಾಕಾನ ಕೊರಳಿಗೆ ಬಿತ್ತು.

ಕಾಕಾ ಕುಷ್ಟಗಿ ಕಡೆ ಮೂವತ್ತು ವರ್ಷ ಚಿತ್ರಕಲೆ ಮಾಸ್ತರಿಕೆ ಮಾಡಿ, ನಿವೃತ್ತರಾಗಿ ನಮ್ಮೂರು ಮರಳಿಗೆ ಬಂದು ನೆಲೆಸಿದವರು. ಅಂಥವರ ಕೈಗೆ ನಮ್ಮ ವಿಭಾಗದವರು ಎರವಲು ಕೊಟ್ಟ ಥರ್ಮಲ್ ದುರ್ಬೀನು ಸಿಕ್ಕಿತು. ಅದು ಬೆಳಕನ್ನಲ್ಲ, ಶಾಖವನ್ನು ನೋಡುವ ಯಂತ್ರ. ಬಿಸಿಯಾದದ್ದನ್ನು ಹೇಗೆ ತೋರಿಸಬೇಕೆಂದು ನಾವೇ ಆರಿಸಬಹುದು: ಬಿಳಿಯಾಗಿ, ಕಪ್ಪಾಗಿ, ಕೆಂಪಾಗಿ, ಕಾಮನಬಿಲ್ಲಾಗಿ. ಒಟ್ಟು ಆರು ಬಗೆ, ಒಂದು ಗುಂಡಿ. ಗುಂಡಿ ಒತ್ತಿದರೆ ಬಣ್ಣ ಬದಲು. ಮೂವತ್ತು ವರ್ಷ ಮಕ್ಕಳಿಗೆ ಬಣ್ಣದ ಪೆಟ್ಟಿಗೆ ಹಂಚಿದ ಮನುಷ್ಯನಿಗೆ ಆ ಗುಂಡಿ ತೋರಿಸಬಾರದಿತ್ತು!

ಮೊದಲ ದಿನವೇ ನಾಮಕರಣವಾಯಿತು. ಬಿಳಿಗೆ ವಿಭೂತಿ, ಕಪ್ಪಿಗೆ ಕಾಡಿಗಿ, ಕೆಂಪಿಗೆ ಕುಂಕುಮ, ಕಾಮನಬಿಲ್ಲಿಗೆ ಹೋಳಿ. ಉಳಿದೆರಡು ಅವರ ಮರ್ಯಾದೆಗೆ ತಕ್ಕಂತಿರಲಿಲ್ಲವಾಗಿ ಹೆಸರಿಲ್ಲದೇ ಉಳಿದವು.

ಪರೀಕ್ಷೆಗೆಂದು ಒಂದು ಸಂಜೆ ಸಾಣಾಪುರದ ಕೆರೆಯ ಹತ್ತಿರ ಹೋದೆವು. ಹೊತ್ತು ಆಗತಾನೇ ಮುಳುಗಿತ್ತು. ಕಾಕಾ ದುರ್ಬೀನನ್ನು ಗುಡ್ಡದ ಕಡೆ ಹಿಡಿದು ಹೋಳಿಗೆ ತಿರುಗಿಸಿದರು. ಹಿಡಿದವರು ಹಾಗೇ ಮರಗಟ್ಟಿದರು.

"ಯವ್ವಾ, ಕರಡಿ!" ಪಿಸುದನಿ. "ಒಂದಲ್ಲ, ಎರಡಲ್ಲ. ಇಪ್ಪತ್ತೇಳು! ಗುಡ್ಡದ ತುಂಬ ಪಂಚಾಯ್ತಿ ಕುಂತಂಗ ಕುಂತಾವು!"

ನಾನು ಬಾಯಿ ತೆರೆಯುವ ಮೊದಲೇ ಅವರು ರಸ್ತೆಗೆ ಓಡಿ, ಕುರಿ ಹೊಡೆದುಕೊಂಡು ಬರುತ್ತಿದ್ದ ಮುದುಕಿಯನ್ನು ತಡೆದರು. "ನಿಂದರಬೇ! ಮುಂದ ಹೋಗಬ್ಯಾಡ! ಆ ಗುಡ್ಡದಾಗ ಇಪ್ಪತ್ತೇಳು ಕರಡಿ ಅದಾವು!"

ಮುದುಕಿ ಗುಡ್ಡವನ್ನೂ ಕಾಕಾನನ್ನೂ ಸಾವಕಾಶವಾಗಿ ನೋಡಿದಳು. "ಹೌದ್ರಿ ಮಾಸ್ತರ. ನಮ್ಮ ಮುತ್ಯಾನ ಕಾಲದಿಂದ ಅಲ್ಲೇ ಕುಂತಾವು. ಮಳಿ ಬಂದ್ರೂ ಏಳಂಗಿಲ್ಲ."

ಹಗಲೆಲ್ಲ ಬಿಸಿಲು ಕುಡಿದ ಬಂಡೆಗಳು ಸಂಜೆ ಆ ಶಾಖವನ್ನು ಉಸಿರಾಡುತ್ತವೆ. ಬಂಡೆಗಳೇ ತುಂಬಿರುವ ನಮ್ಮ ಸೀಮೆಯಲ್ಲಿ ಸಂಜೆ ಹೊತ್ತು ದುರ್ಬೀನು ಹಿಡಿದವನಿಗೆ ಕರಡಿಗಳ ಕೊರತೆಯೇ ಇಲ್ಲ! ಬಂಡೆ ತಣ್ಣಗಾಗುವ ನಸುಕೇ ಸರಿಯಾದ ಹೊತ್ತು, ಬಿಳಿಯೇ ಸರಿಯಾದ ಬಣ್ಣ ಎಂದು ನಾನು ಪಾಠದಂತೆ ವಿವರಿಸಿದೆ. ಕಾಕಾ ಕೇಳಿ, "ಬರೇ ಬಿಳಿ ಮ್ಯಾಲ ಚಿತ್ರ ಆಕ್ಕೈತೇನು? ನಿಮ್ಮ ಯೂನಿವರ್ಸಿಟಿಯಾಗ ಚಿತ್ರಕಲಾ ಇಲ್ಲೇನು?" ಎಂದು ಕುಂಕುಮಕ್ಕೆ ತಿರುಗಿಸಿದರು.

ಮನೆಯಲ್ಲೂ ಬಿಡುವಿರಲಿಲ್ಲ. ಯಾರೂ ಇಲ್ಲದ ಖುರ್ಚಿಯನ್ನು ನೋಡಿ, "ಇಲ್ಲಿ ಈಗ ಯಾರೋ ಕುಂತೆದ್ದಾರ, ಬಿಸಿ ಐತಿ" ಎನ್ನುವರು. "ನಾನ ಕುಂತಿದ್ನಿ. ನನ್ನ ಮನಿ, ನನ್ನ ಖುರ್ಚಿ" ಎಂದು ಅಡುಗೆಮನೆಯಿಂದ ಕಾಕಿಯ ದನಿ. ಒಮ್ಮೆ ರೊಟ್ಟಿ ಬಡಿಯುತ್ತಿದ್ದ ಕಾಕಿಯತ್ತಲೇ ಹಿಡಿದುಬಿಟ್ಟರು.

"ನನ್ನ ಮಾರಿ ಯಾ ಬಣ್ಣ ಐತ್ರೀ?"

"ಸದ್ಯ ಕುಂಕುಮ."

"ಇನ್ನೊಂದು ಚಣ ಹಿಡೀರಿ, ಹೋಳಿ ಆಕ್ಕೈತಿ!"

ನಗುವೇನೋ ಬರುತ್ತಿತ್ತು. ಆದರೆ ಗದ್ದೆಯಲ್ಲಿ ನನ್ನ ಸಹನೆ ಪರೀಕ್ಷೆಗೆ ಕೂರುತ್ತಿತ್ತು. ನಾನು ಬೆಕ್ಕು ಗುರುತಿಸಿ, ಸಮಯ ಬರೆದುಕೊಂಡು, "ಆ ಬದುವಿನ ಹತ್ತಿರ ನೋಡಿ ಕಾಕಾ" ಎಂದು ದುರ್ಬೀನು ಕೊಡುವೆ. ಅವರು ವಿಭೂತಿ, ಕಾಡಿಗಿ, ಕುಂಕುಮ, ಹೋಳಿ ಎಲ್ಲ ದಾಟಿ ಮತ್ತೆ ವಿಭೂತಿಗೆ ಬರುವಷ್ಟರಲ್ಲಿ ಬೆಕ್ಕು ಪಕ್ಕದ ಊರು ಸೇರಿರುತ್ತಿತ್ತು. ಆದರೂ, "ಭಾಳ ಛಂದ ಐತಿ!" ಎಂದು ಹೇಳದೇ ದುರ್ಬೀನು ವಾಪಸು ಕೊಟ್ಟವರಲ್ಲ. ಒಂದು ದಿನವೂ ತಪ್ಪಿಸಿದವರಲ್ಲ. ಜ್ವರದಲ್ಲಿ ಮಫ್ಲರ್ ಸುತ್ತಿಕೊಂಡು ಬಂದರು. ನಡೆಯಲಾಗದ ದಿನ ಬದುವಿನ ಮೇಲೆ ಕೂತೇ ನನ್ನನ್ನು ಕಾದರು.

ಸುಗ್ಗಿ ಬಂತು. ಮರಳಿಯ ಹೊರಗಿನ ಒಂದು ಗದ್ದೆಗೆ ತಾಯಿಬೆಕ್ಕು ವಾರದಿಂದ ಬಾಯಲ್ಲಿ ಇಲಿ ಕಚ್ಚಿಕೊಂಡು ಹೋಗುತ್ತಿತ್ತು. ಒಳಗೆಲ್ಲೋ ಮರಿಗಳಿದ್ದವು, ಎಲ್ಲಿ ಎಂದು ತಿಳಿದಿರಲಿಲ್ಲ. ಕೊಯ್ಲಿಗೆ ಇನ್ನೂ ಮೂರು ದಿನವಿದೆ ಎಂದು ನಿಶ್ಚಿಂತಳಾಗಿದ್ದೆ. ಆದರೆ ಆ ದಿನ ನಸುಕಿನಲ್ಲಿ ಹೋದರೆ, ಕೊಯ್ಯುವ ಮಷಿನ್ ಆಗಲೇ ಗದ್ದೆಯ ತಲೆಯಲ್ಲಿ ನಿಂತಿದೆ! ಬೇರೆ ಊರಿನ ಸರದಿ ತಪ್ಪಿ ಮೊದಲೇ ಬಂದಿತ್ತು, ಮಧ್ಯಾಹ್ನಕ್ಕೆ ಮುಂದಿನೂರಿಗೆ ಹೋಗಬೇಕಿತ್ತು. ಗದ್ದೆಯ ಯಜಮಾನನ ಹೆಂಡತಿ ಮಷಿನ್ನಿಗೆ ಅರಿಸಿನ ಕುಂಕುಮ ಹಚ್ಚಿ, ತಟ್ಟೆಯಲ್ಲಿ ಕರ್ಪೂರ ಉರಿಸಿ ಬೆಳಗುತ್ತಿದ್ದಳು. ಸುತ್ತ ಹತ್ತಿಪ್ಪತ್ತು ಜನ. ಅಷ್ಟು ಜನರ ಮುಂದೆ ನಾನು ಯಾವತ್ತೂ ಮಾತಾಡಿದವಳಲ್ಲ.

ಕಾಕಾ ನೇರ ಹೋಗಿ ಮಷಿನ್ನಿನ ಮುಂದೆ ನಿಂತರು. "ಗದ್ಯಾಗ ಮರಿ ಅದಾವು. ಇಂಜಿನ್ ಬಂದ್ ಮಾಡ್ರಿ. ಆ ಕರ್ಪೂರಾನೂ ಆರಸ್ರಿ, ಉರಿ ಎದುರಿಗಿದ್ರ ದುರ್ಬೀನಿಗೆ ಬ್ಯಾರೆ ಏನೂ ಕಾಣಂಗಿಲ್ಲ."

ಆರಿಸುವುದೆಂದರೇನು! ಯಜಮಾನನ ಹೆಂಡತಿ ತಟ್ಟೆಯನ್ನು ಎದೆಗೊತ್ತಿಕೊಂಡಳು. ಯಜಮಾನ ರೇಗಿದ. "ಬೆಳಗೋ ದೀಪ ಆರಸು ಅಂತೀರಲ್ರೀ ಮಾಸ್ತರ! ಲಕ್ಷ್ಮಿ ಸಿಟ್ಟಾಗಂಗಿಲ್ಲೇನು?"

"ಲಕ್ಷ್ಮಿಗೆ ಹತ್ತು ಮಿಂಟ ಕಾಯಾಕ ಬರ್ತೈತೋ ಮಾರಾಯ. ಮರಿಗೋಳ ಸಲುವಾಗಿ ನಿನ್ನ ಮಷಿನ್ ಕಾಯತೈತೇನು?"

ಕೊನೆಗೆ ಆಕೆ ಸೆರಗು ಮರೆಮಾಡಿ ತಟ್ಟೆಯನ್ನು ದೂರ ಒಯ್ದಳು. ಇಂಜಿನ್ ನಿಂತಿತು. "ಹೊತ್ತು ಹುಟ್ಟೂದರಾಗ ಮುಗಸ್ರಿ" ಎಂದ ಯಜಮಾನ. ಅವನು ಹೇಳದಿದ್ದರೂ ಅಷ್ಟೇ ಸಮಯವಿತ್ತು. ಬಿಸಿಲು ಬಿದ್ದರೆ ಹುಲ್ಲೂ ಕಾದು, ಮರಿಯೂ ಹುಲ್ಲೂ ಒಂದೇ ಬಣ್ಣವಾಗುತ್ತವೆ.

ಕಾಕಾ ದುರ್ಬೀನಿನೊಂದಿಗೆ ಮಷಿನ್ನಿನ ಮೇಲೆ ಹತ್ತಿದರು. ಟಿಕ್, ವಿಭೂತಿ. ಟಿಕ್, ಕಾಡಿಗಿ. ಟಿಕ್, ಟಿಕ್. ಎರಡು ಸುತ್ತು ಮುಗಿಯಿತು. ಜನ ನಗತೊಡಗಿದರು. ನನಗೆ ನಾಚಿಕೆಗಿಂತ ಹೆಚ್ಚಾಗಿ ಸಿಟ್ಟು ಬಂತು. ಇಂಥ ಹೊತ್ತಿನಲ್ಲೂ ಬಣ್ಣದಾಟವೇ?

ಕಾಕಾ ಇಳಿದು ಬಂದರು. ದುರ್ಬೀನನ್ನು ನನ್ನ ಕೈಯಲ್ಲಿಟ್ಟು, ಯಾರಿಗೂ ಕೇಳದಂತೆ ಅಂದರು: "ಯವ್ವಾ, ನನಗ ಯಾ ಬಣ್ಣದಾಗೂ ಕಾಣವಲ್ದು. ಮೊದಲಿಂದಾನೂ ಕಂಡಿಲ್ಲ. ಕಣ್ಣಾಗ ಪೊರಿ ಬಂದೈತಿ. ನೀ ಹತ್ತು."

ನಾನು ಹತ್ತಿದೆ. ಕೆಳಗೆ ಮಷಿನ್ನಿಗೆ ಒರಗಿಸಿದ್ದ ಏಣಿಯನ್ನು ಕಾಕಾ ಎರಡೂ ಕೈಯಿಂದ ಹಿಡಿದು ನಿಂತಿದ್ದರು. ಬಿಳಿಗೆ ತಿರುಗಿಸಿ, ಸಾಲು ಸಾಲಾಗಿ ಹುಡುಕಿದೆ. ಕಣ್ಣು ಒರೆಸಿಕೊಂಡು ಮತ್ತೆ ಹುಡುಕಿದೆ. ಕಾಲುವೆಯ ಬದಿಗೆ, ಭತ್ತ ಒರಗಿದ ಒಂದು ಸಂದಿಯಲ್ಲಿ ಹಿಡಿ ಮಂಡಕ್ಕಿ ಚೆಲ್ಲಿದಷ್ಟು ಬಿಳುಪು. ಅದು ಅಲುಗಿತು, ಮೂರಾಯಿತು.

"ಅಲ್ಲಿ! ಅಲ್ಲಿ ಕೊಯ್ಯಬ್ಯಾಡ್ರಿ!" ಎಂದು ನಾನೇ ಕೂಗಿದೆ.

ಯಜಮಾನ ನಾಲ್ಕು ಕಡ್ಡಿ ನೆಡಿಸಿ ಅಷ್ಟು ಜಾಗ ಬಿಟ್ಟ. ಕರ್ಪೂರ ಹೊಸದಾಗಿ ಹೊತ್ತಿತು. ಮಷಿನ್ ಉಳಿದ ಗದ್ದೆಗೆ ಇಳಿಯಿತು.

ನಾವಿಬ್ಬರೂ ಬದುವಿನ ಮೇಲೆ ಕೂತೆವು. "ಮೊದಲೇ ಯಾಕ ಹೇಳಲಿಲ್ಲ ಕಾಕಾ?"

"ಹೇಳಿದ್ರ ನಿಮ್ಮಪ್ಪ ನಿನ್ನ ಕಳಸತಿದ್ನೇನು? ಕಣ್ಣು ಕಾಣದಾಂವನ್ನ ಯಾರರೆ ಕಾವಲಿಗೆ ಇಡತಾರೇನವಾ?"

ನಾಲ್ಕು ತಿಂಗಳು ಚಳಿಯಲ್ಲಿ ಕೂತು ಅವರು ನೋಡಿದ್ದು ಬರೀ ಬಣ್ಣದ ಕಲೆಗಳು.

"ಅದಿರಲಿ. ಹೆಂಗಿದ್ವು ಮರಿ? ಅದನ್ನ ಹೇಳು" ಎಂದರು ಕಾಕಾ.

ಹೇಳಿದೆ. ಕೇಳಿದಷ್ಟಕ್ಕೇ ಉತ್ತರಿಸುವವಳು ಎಂದು ಮನೆಯಲ್ಲಿ ಹೆಸರಾದ ನಾನು, ಕೇಳದ್ದನ್ನೂ ಹೇಳಿದೆ. ಎರಡು ಅಂಟಿಕೊಂಡು ಮಲಗಿದ್ದವು, ಮೂರನೆಯದು ಅವುಗಳ ಮೇಲೆ ಅಡ್ಡ ಬಿದ್ದಿತ್ತು, ಕಿವಿಗಳು ಮೈಗಿಂತ ಸ್ವಲ್ಪ ಮಬ್ಬಾಗಿದ್ದವು. ಕಾಕಾ ಕಣ್ಣು ಮುಚ್ಚಿ ಕೇಳುತ್ತ, ಬದುವಿನ ಹಸಿಮಣ್ಣಿನಲ್ಲಿ ತೋರುಬೆರಳಿನಿಂದ ಗೆರೆ ಎಳೆಯುತ್ತಿದ್ದರು. ಒಂದು ಮರಿ ಮೂಡಿತು, ಇನ್ನೊಂದು, ಅವುಗಳ ಮೇಲೆ ಅಡ್ಡಡ್ಡ ಮತ್ತೊಂದು. ಬಾಲಕ್ಕೆ ಬಂದಾಗ ಬೆರಳು ನಿಂತಿತು.

"ಮ್ಯಾಲಿನ ಮರಿ ಬಾಲ ಅತ್ತಾಗೋ, ಇತ್ತಾಗೋ?"

ನಾನು ಮಣ್ಣಾದ ಆ ಬೆರಳನ್ನು ಹಿಡಿದು ತುಸು ಎಡಕ್ಕೆ ತಿರುಗಿಸಿದೆ.

"ಇತ್ತಾಗ, ಕಾಕಾ."