ಅಣಬೆ ಯಾವ ಸಾಮ್ರಾಜ್ಯದ್ದು

ಬೇರೆಯವರ ಮನೆಯಿಂದ ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದು. ಈ ಮರ್ಯಾದೆ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುವ ಸೇತುರಾಮನಿಗೂ ಗೊತ್ತಿತ್ತು. ಆದರೆ ಹೆಂಡತಿ ಪಂಕಜಾ ಬಾಣಂತನಕ್ಕೆ ತವರಿಗೆ ಹೋದಾಗಿನಿಂದ ಅವನ ಸಕ್ಕರೆ ಡಬ್ಬಿಯಲ್ಲಿ ಇರುವೆಗಳು ಮಾತ್ರ ಇದ್ದವು. ಹಾಗಾಗಿ ಆ ಸೋಮವಾರ ಬೆಳಿಗ್ಗೆ ಮನೆ ಒಡತಿ ನೀಲಮ್ಮನವರ ಪಾತ್ರೆ ತೊಳೆದು, ಹಾಕಲು ಬೇರೇನೂ ಸಿಗದೆ, ಸ್ವಲ್ಪ ಜ್ಞಾನ ಹಾಕಿ ಹಿಂದಿರುಗಿಸಿದ.

"ಅಣಬೆ ಸಾರು ಬಹಳ ಚೆನ್ನಾಗಿತ್ತಮ್ಮ. ಒಂದು ವಿಷಯ ಗೊತ್ತಾ? ಅಣಬೆ ಸಸ್ಯಾನೇ ಅಲ್ಲ ಅಂತ ಈಗ ವಿಜ್ಞಾನಿಗಳು ಹೇಳ್ತಿದಾರೆ."

ಒಳಗೆ ವಿಭೂತಿ ಧರಿಸುತ್ತಿದ್ದ ನೀಲಮ್ಮನವರ ಗಂಡ ಕರಿಬಸಪ್ಪನವರ ಕೈ ಹಣೆಯ ನಡುವೆಯೇ ನಿಂತಿತು. ಅವರು ಕಂದಾಯ ಇಲಾಖೆಯಲ್ಲಿ ಶೇಕ್‌ದಾರರಾಗಿ ನಿವೃತ್ತರಾದವರು. ರಾಜಾಜಿನಗರದ ಆ ಬೀದಿಯಲ್ಲಿ 'ಸಸ್ಯಾಹಾರಿಗಳಿಗೆ ಮಾತ್ರ' ಎಂದು ಗೇಟಿಗೆ ಬೋರ್ಡು ತಗುಲಿಸಿದ ಮೊದಲಿಗರು. ಹಿತ್ತಲ ಮನೆಯನ್ನು ಬಾಡಿಗೆಗೆ ಕೊಡುವ ಮುಂಚೆ, ಕೇಕಿನಲ್ಲಿ ಮೊಟ್ಟೆ ಇರುತ್ತದೆಂಬುದು ಗೊತ್ತೋ ಇಲ್ಲವೋ ಎಂದು ಸೇತುರಾಮನನ್ನು ಪರೀಕ್ಷೆ ಮಾಡಿದ್ದರು.

"ಸಸ್ಯ ಅಲ್ಲ ಅಂದ್ರೆ?" ಎನ್ನುತ್ತ ಹೊರಗೆ ಬಂದರು.

"ಅದು ಬೇರೆ ಸಾರ್. ಮೊದಲು ಜೀವಿಗಳಿಗೆಲ್ಲ ಎರಡೇ ಸಾಮ್ರಾಜ್ಯ ಇತ್ತು, ಸಸ್ಯ, ಪ್ರಾಣಿ. ಈಗ ಐದು ಮಾಡಿದಾರೆ. ಅಣಬೆ, ಬೂಷ್ಟು, ಇವಕ್ಕೇ ಒಂದು ಪ್ರತ್ಯೇಕ."

"ನೋಡಿ ಮೇಷ್ಟ್ರೇ, ನಮ್ಮ ಇಲಾಖೇಲಿ ಜಮೀನು ನೀರಾವರಿಯ ತರಿ ಆಗದೇ ಇದ್ರೆ ಮಳೆ ನಂಬಿದ ಖುಷ್ಕಿ. ಮಧ್ಯದಲ್ಲಿ ಏನೂ ಇಲ್ಲ. ಸಸ್ಯ ಅಲ್ಲ ಅಂದ್ಮೇಲೆ ಅದು ಪ್ರಾಣಿ. ಅಂದ್ರೆ ನಾನು ಇಷ್ಟು ವರ್ಷ ಕೊರಳಲ್ಲಿ ಲಿಂಗ ಇಟ್ಕೊಂಡು ಮಾಂಸ ತಿಂದೆ ಅಂತಲೋ?"

ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯ ಕಮಲಾಕ್ಷಮ್ಮನವರ ತಲೆ ಮೇಲೆದ್ದಿತು. "ಅಯ್ಯೋ ಶಿವನೇ, ನಿನ್ನೆ ನೀಲಮ್ಮ ನನಗೂ ಒಂದು ಬಟ್ಟಲು ಕೊಟ್ಟಿದ್ರಲ್ಲ. ಇದೇನು ಶ್ರಾವಣ ಸೋಮವಾರ ಬೆಳಗಾಗೆದ್ದು ಇಂಥ ಮಾತು?"

ನೀಲಮ್ಮನವರಿಗೆ ಅಳು ಬಂತು. ಊರಾಚೆಯ ಶ್ರೀಗಂಧದ ಕಾವಲಿನಿಂದ ತರಕಾರಿ ಮಾರುವ ಕೆಂಚಪ್ಪ ಒಂದು ಬುಟ್ಟಿ ಅಣಬೆ ತಂದುಕೊಟ್ಟಿದ್ದ; ಅರ್ಧ ಬುಟ್ಟಿ ಇನ್ನೂ ಒಳಗೇ ಇತ್ತು. ಕರಿಬಸಪ್ಪನವರು ಅಲ್ಲೇ ತೀರ್ಪು ಕೊಟ್ಟರು.

"ಸಾಯಂಕಾಲದೊಳಗೆ ಅದನ್ನ ಸಸ್ಯ ಅಂತ ಮಾಡಿಕೊಡಿ. ಇಲ್ದಿದ್ರೆ ಮನೆ ಖಾಲಿ ಮಾಡಿ. ನಮ್ಮ ಹುಡುಗಿ ನಿಮ್ಮ ಕ್ಲಾಸಲ್ಲೇ ಇದಾಳಲ್ಲ, ಏನು ಪಾಠ ಮಾಡಿದ್ರಿ ಅಂತ ಬಂದು ಹೇಳ್ತಾಳೆ."

ವಿಜಯನಗರ, ಮೂಡಲಪಾಳ್ಯವೆಲ್ಲ ಚಪ್ಪಲಿ ಸವೆಯುವಂತೆ ಅಲೆದ ಮೇಲೆ ಸೇತುರಾಮನಿಗೆ ಸಿಕ್ಕಿದ ಮನೆ ಇದು. ಗುರುವಾರ ಪಂಕಜಾ ಹಸುಗೂಸಿನೊಂದಿಗೆ ಬರುವವಳಿದ್ದಳು. ಕೂಸನ್ನು ಎತ್ತಿಕೊಂಡು ಅವಳು ಗೇಟಿನ ಹೊರಗೆ ನಿಂತಿರುವ ಚಿತ್ರ ಬಸ್ಸಿನ ದಾರಿಯುದ್ದಕ್ಕೂ ಅವನ ಕಣ್ಣ ಮುಂದಿತ್ತು. ಗಾಬರಿಯಲ್ಲಿ ಒಂದು ಸ್ಟಾಪು ಮುಂದೆ ಹೋಗಿ ಇಳಿದು, ಓಡಿಕೊಂಡು ಕಾಲೇಜು ಸೇರಿದ.

ಅಲ್ಲಿ ಪ್ರಿನ್ಸಿಪಾಲರು ಬಾಗಿಲಲ್ಲೇ ಕಾಯುತ್ತಿದ್ದರು. "ಎಲ್ಲಿ ಹೋಗಿದ್ರಿ ಸೇತುರಾಮ್? ನಿಮ್ಮ ನೌಕರಿ ಖಾಯಂ ಮಾಡೋ ವಿಚಾರಕ್ಕೆ ಯೂನಿವರ್ಸಿಟಿಯಿಂದ ಪ್ರೊಫೆಸರ್ ವೆಂಕಟಗಿರಿ ಬಂದಿದಾರೆ. ಈಗಲೇ ನಿಮ್ಮ ಪಾಠ ನೋಡ್ತಾರಂತೆ. ಆ ಹೊಸ ವರ್ಗೀಕರಣ ಮಾಡ್ತಿದೀರಲ್ಲ, ಅದನ್ನೇ ಮಾಡಿ. ಅವರಿಗೆ ಹೊಸದು ಅಂದ್ರೆ ಪ್ರಾಣ."

ಸೇತುರಾಮ ಕರಿಹಲಗೆಯ ಮೇಲೆ ಐದು ವೃತ್ತ ಬರೆದ. ಹಿಂದಿನ ಬೆಂಚಿನಲ್ಲಿ ವೆಂಕಟಗಿರಿಯವರು ಸಂತೋಷದಿಂದ ತಲೆದೂಗಿದರು. ಮುಂದಿನ ಬೆಂಚಿನಲ್ಲಿ ಕರಿಬಸಪ್ಪನವರ ಮಗಳು ಬಸವರಾಜೇಶ್ವರಿ ಪೆನ್ನಿನ ಮುಚ್ಚಳ ತೆಗೆದಳು. ಅವಳು ಮೇಷ್ಟ್ರು ಕೆಮ್ಮಿದರೂ ಬರೆದುಕೊಳ್ಳುವ ಹುಡುಗಿ.

ಬ್ಯಾಕ್ಟೀರಿಯ ಮುಗಿಯಿತು. ಏಕಕೋಶ ಜೀವಿಗಳು ಮುಗಿದವು. ಸಸ್ಯವನ್ನು ಎಳೆದಷ್ಟೂ ಎಳೆದ. ಪ್ರಾಣಿಗಳಲ್ಲಿ ಆನೆಯವರೆಗೆ ಹೋಗಿ ಬಂದ. ಗಂಟೆ ಮಾತ್ರ ಹೊಡೆಯಲೇ ಇಲ್ಲ.

"ಇನ್ನೊಂದು ವೃತ್ತ ಖಾಲಿ ಇದೆಯಲ್ಲ," ಎಂದರು ವೆಂಕಟಗಿರಿಯವರು. "ಅಣಬೆ ಎಲ್ಲಿಗೆ ಬರುತ್ತೆ ಹೇಳಿ."

ಬಸವರಾಜೇಶ್ವರಿ ತಲೆಯೆತ್ತಿ ನೋಡಿದಳು. ಸೇತುರಾಮನಿಗೆ ಅವಳ ಮುಖದಲ್ಲಿ ಕರಿಬಸಪ್ಪನವರ ಮೀಸೆ ಕಂಡಿತು. ನೌಕರಿ ಇವತ್ತಲ್ಲ ನಾಳೆ ಖಾಯಂ ಆದೀತು, ಕೂಸಿಗೆ ತಲೆ ಮೇಲೊಂದು ಸೂರು ಗುರುವಾರಕ್ಕೇ ಬೇಕು. ಅವನು ಡಸ್ಟರ್ ತೆಗೆದುಕೊಂಡು, ಸಸ್ಯ, ಪ್ರಾಣಿ ಎರಡನ್ನೇ ಉಳಿಸಿ, ಮೂರು ವೃತ್ತ ಅಳಿಸಿಬಿಟ್ಟ.

"ಅಣಬೆ ಸಸ್ಯ ಸಾರ್. ಅಪ್ಪಟ ಸಸ್ಯ. ಬದನೆಕಾಯಿ ಹೇಗೋ ಹಾಗೆ."

ಕ್ಲಾಸು ಮುಗಿದ ಮೇಲೆ ವೆಂಕಟಗಿರಿಯವರು ಅವನ ಹೆಗಲ ಮೇಲೆ ಕೈಯಿಟ್ಟು, "ನಿಮಗೆ ಇನ್ನೊಂದು ವರ್ಷ ಓದೋಕೆ ಅವಕಾಶ ಕೊಡೋಣ ಅಂತಿದೀನಿ," ಎಂದು ಹೇಳಿ ಹೋದರು. ಪ್ರಿನ್ಸಿಪಾಲರು ಸಂಜೆಯವರೆಗೂ ಅವನ ಜೊತೆ ಮಾತಾಡಲಿಲ್ಲ. ಹೋಗಲಿ, ಮನೆಯಾದರೂ ಉಳಿಯಿತಲ್ಲ ಎಂದುಕೊಂಡು ಸೇತುರಾಮ ರಾಜಾಜಿನಗರಕ್ಕೆ ಹೊರಟ.

ಬೀದಿಗೆ ಕಾಲಿಡುತ್ತಲೇ ಮೂಗಿಗೆ ಅಣಬೆಯ ಘಮ ಬಡಿಯಿತು. ಜಗಲಿಯ ಮೇಲೆ ಕರಿಬಸಪ್ಪನವರು ಹೊಟ್ಟೆ ಸವರಿಕೊಳ್ಳುತ್ತ ಕೂತಿದ್ದರು. ಪಕ್ಕದಲ್ಲಿ ನೀಲಮ್ಮ, ಕಮಲಾಕ್ಷಮ್ಮ, ಎದುರು ಮನೆಯ ಶಿವಕ್ಕ. ಎಲ್ಲರ ಮುಖದಲ್ಲೂ ಕಳೆ.

"ಬನ್ನಿ ಮೇಷ್ಟ್ರೇ, ಬನ್ನಿ. ಬೆಳಿಗ್ಗೆ ನಾನು ದುಡುಕಿಬಿಟ್ಟೆ," ಎಂದರು ಕರಿಬಸಪ್ಪನವರು. "ಆಮೇಲೆ ನೆನಪಾಯ್ತು, ತರಿ, ಖುಷ್ಕಿ ಬಿಟ್ರೆ ನಮ್ಮಲ್ಲಿ ತೋಟದ ಜಮೀನು, ಬಾಗಾಯ್ತೂ ಇದೆಯಲ್ಲ. ಎರಡರಲ್ಲೂ ಸೇರದ ಮೂರನೇ ಬಾಬ್ತು. ನಿಮ್ಮ ಅಣಬೆಯೂ ಹಾಗೇ. ಪ್ರಾಣಿ ಅಲ್ಲ, ಆದ್ರಿಂದ ಪಾಪ ಇಲ್ಲ. ಸಸ್ಯ ಅಲ್ಲ, ಆದ್ರಿಂದ..."

"ಆದ್ರಿಂದ?"

"ಉಪವಾಸಕ್ಕೆ ಬರುತ್ತೆ," ಎಂದರು ಕಮಲಾಕ್ಷಮ್ಮ. "ನಮ್ಮ ಅತ್ತೆ ಮಾಡಿದ ಕಟ್ಟುಪಾಡು, ದೀಪ ಹಚ್ಚೋ ತನಕ ಕಾಳು, ಕಾಯಿ, ಸೊಪ್ಪು ಮುಟ್ಟಬಾರದು ಅಂತ. ಅಣಬೆ ಮೂರೂ ಅಲ್ಲ ನೋಡಿ. ಮಧ್ಯಾಹ್ನ ಬೀದಿಯವರೆಲ್ಲ ಹುರಿದುಕೊಂಡು ತಿಂದ್ವಿ. ಇಷ್ಟು ಹಗುರವಾದ ಸೋಮವಾರ ನಾನು ಕಂಡಿರಲಿಲ್ಲ."

"ನಿಮ್ಮಂಥ ವಿದ್ವಾಂಸರು ನಮ್ಮ ಹಿತ್ತಲಲ್ಲಿರೋದು ಪುಣ್ಯ," ಎಂದರು ಕರಿಬಸಪ್ಪನವರು.

ಸೇತುರಾಮ ಏನಾದರೂ ಹೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಗೇಟು ಕಿರುಗುಟ್ಟಿತು. ಗೆಳತಿಯ ಮನೆಗೆ ಹೋಗಿದ್ದ ಬಸವರಾಜೇಶ್ವರಿ ಒಳಗೆ ಬಂದಳು.

"ರಾಜೇಶ್ವರಿ, ಕೈಕಾಲು ತೊಳ್ಕೋ ಹೋಗಮ್ಮ," ಎಂದ ಸೇತುರಾಮ.

"ತೊಳ್ಕೋತೀನಿ ಸಾರ್. ಅಪ್ಪಾಜಿ, ನೀವು ಬಂದು ಹೇಳು ಅಂದಿದ್ರಲ್ಲ. ಅಣಬೆ ಅಪ್ಪಟ ಸಸ್ಯಾನೇ ಅಂತೆ. ಬದನೆಕಾಯಿ ಹೇಗೋ ಹಾಗೆ ಅಂತ ದೊಡ್ಡ ಪ್ರೊಫೆಸರ್ ಮುಂದೇನೇ ಸಾರ್ ಹೇಳಿದ್ರು."

ಶಿವಕ್ಕ ಬಾಯಿಯ ಮೇಲೆ ಕೈಯಿಟ್ಟುಕೊಂಡರು. "ನನ್ನ ವ್ರತ," ಎಂದು ಕಮಲಾಕ್ಷಮ್ಮ ಗೋಡೆಗೊರಗಿದರು. ಕರಿಬಸಪ್ಪನವರು ಹೊಟ್ಟೆಯ ಮೇಲಿನ ಕೈಯನ್ನು ನಿಧಾನವಾಗಿ ತೆಗೆದರು.

"ಬೆಳಿಗ್ಗೆ ಮಾಂಸ ತಿಂದ್ರಿ ಅಂದ್ರಿ. ಸಾಯಂಕಾಲ ಇಡೀ ಬೀದಿಯ ಉಪವಾಸ ಕೆಡಿಸಿದ್ರಿ. ಬುಧವಾರದೊಳಗೆ ಮನೆ ಖಾಲಿ ಆಗಬೇಕು."

"ಇಲ್ಲ ಸಾರ್, ಅದು ನಿಜವಾಗ್ಲೂ ಸಸ್ಯ ಅಲ್ಲ," ಎಂದು ಸೇತುರಾಮ ಅಂಗಲಾಚಿದ. "ಬೇಕಾದ್ರೆ ಪ್ರೊಫೆಸರ್ ವೆಂಕಟಗಿರಿಯವರನ್ನ ಕೇಳಿ. ಅವರು ಮೊದಲಿಂದ ಕೊನೇವರೆಗೆ ಒಂದೇ ಮಾತು ಹೇಳ್ತಾರೆ."

"ಅಂಥವರು ಬೇಕು ನಮಗೆ," ಎಂದರು ಕರಿಬಸಪ್ಪನವರು. "ಅವರಿಗೆ ಬಾಡಿಗೆ ಮನೆ ಬೇಕಾ ಅಂತ ನಾಳೆ ಕೇಳ್ಕೊಂಡು ಬನ್ನಿ."