ಮನೆ ನೋಡಲು ಬಂದವರ ಮನೆ

ಗುರುಪಾದಪ್ಪ ಏಣಿಯಿಂದ ಇಳಿದರು. ತಲೆಗೆ ಅಂಟಿದ್ದ ಜೇಡರ ಬಲೆಯನ್ನೂ ಒರೆಸಿಕೊಳ್ಳದೆ, ಸನ್ಮಾನಕ್ಕೆ ಕರೆಸಿಕೊಂಡವರ ಹಾಗೆ ಎದೆ ಸೆಟೆಸಿ ನಿಂತರು.

"ಈಗ ಬೀರು ತೆಗಿ ನೋಡೋಣ," ಎಂದರು ಹೆಂಡತಿಗೆ.

ಸರ್ವಮಂಗಳಾ ತೆಗೆದಳು. ತಾನೇ ಮಡಿಸಿಟ್ಟ ಸೀರೆಗಳು ಇರಬೇಕಾದ ಕಡೆ ಯಾರದೋ ರಜಾಯಿಗಳಿದ್ದವು. ಪಕ್ಕದಲ್ಲೊಂದು ಹಾರ್ಮೋನಿಯಂ, ಮೇಲಿನ ಖಾನೆಯಲ್ಲಿ ಯಾರೋ ಓಟದಲ್ಲಿ ಗೆದ್ದ ಬಹುಮಾನ. ಹೆದರುತ್ತಲೇ ಕೈ ಚಾಚಿದಳು. ಕೈ ಹಾರ್ಮೋನಿಯಮ್ಮಿನ ಒಳಗೆ ಹೊಕ್ಕು ಮೆತ್ತಗಿನ ಇಳಕಲ್ ಸೆರಗಿಗೆ ತಾಗಿತು.

"ಬರೀ ಬೆಳಕು!" ಎಂದು ಗುರುಪಾದಪ್ಪ ಹಿಗ್ಗಿದರು. ಯಂತ್ರಕ್ಕೆ ಅವರು ಆಗಲೇ ಮರೆಗಾರ ಎಂದು ಹೆಸರಿಟ್ಟಾಗಿತ್ತು.

ಪಾಲಿಟೆಕ್ನಿಕ್ಕಿನ ಪ್ರಯೋಗಾಲಯದಿಂದ ನಿವೃತ್ತರಾದ ಮೇಲೆ ಅವರು ಮಾಡಿದ ಯಂತ್ರಗಳಲ್ಲಿ ಇದು ಒಂಬತ್ತನೆಯದು. ಎಂಟನೆಯದು ರೊಟ್ಟಿ ತಟ್ಟುವ ಯಂತ್ರ. ಅದು ತಟ್ಟಿದ ಮೊದಲ ರೊಟ್ಟಿಯನ್ನು ಎದುರು ಮನೆಯ ಮಾಳಿಗೆಯಿಂದ ಇಳಿಸಿಕೊಂಡು ಬರಬೇಕಾಗಿತ್ತು. ಆದರೆ ಮರೆಗಾರನ ಹಿಂದೆ ನಿಜವಾದ ಕಾರಣವೊಂದಿತ್ತು. ದಾವಣಗೆರೆಯ ಈ ಮಹಡಿ ಮನೆಯನ್ನು ಮಾರಲು ಇಟ್ಟಿದ್ದರು. ಇಪ್ಪತ್ತೆರಡು ಮೆಟ್ಟಿಲು ಹತ್ತಲು ಇಬ್ಬರ ಮೊಣಕಾಲೂ ಒಪ್ಪುತ್ತಿರಲಿಲ್ಲ. ಹರಿಹರದಲ್ಲಿ ನೆಲಮಟ್ಟದ ಸಣ್ಣದೊಂದು ಮನೆ ನೋಡಿಟ್ಟಿದ್ದರು. ಅದರ ಹಿಂಬದಿಗೆ ಎಂಟಡಿ ಉದ್ದದ ಒಂದು ಕೋಣೆ. ಅದು ಯಂತ್ರಗಳಿಗಲ್ಲ, ತನಗೆ ಎಂದು ಸರ್ವಮಂಗಳಾ ಮೊದಲೇ ಹೇಳಿಬಿಟ್ಟಿದ್ದಳು. ಮದುವೆಯಾದಾಗಿನಿಂದ ಬಾಗಿಲು ಹಾಕಿಕೊಂಡು ಕೂರಲು ಅವಳಿಗೆ ಬಚ್ಚಲು ಬಿಟ್ಟರೆ ಬೇರೆ ಜಾಗ ಇರಲಿಲ್ಲ. ಹರಿಹರದವರು ತಿಂಗಳ ಕೊನೆಯವರೆಗೆ ಕಾಯುತ್ತೇವೆ, ಆಮೇಲೆ ಬೇರೆಯವರಿಗೆ ಕೊಡುತ್ತೇವೆ ಎಂದಿದ್ದರು.

ಮನೆ ಮಾರುವುದೆಂದರೆ ಏನೆಂದು ಸರ್ವಮಂಗಳಾಗೆ ಮೊದಲ ವಾರದಲ್ಲೇ ಗೊತ್ತಾಯಿತು. ಮುಖಪರಿಚಯವೂ ಇಲ್ಲದವರು ಬಂದು ಚಪ್ಪಲಿ ಬಿಡುತ್ತಾರೆ, ಬೀರು ತೆಗೆಯುತ್ತಾರೆ, ಹಾಸಿಗೆ ಒತ್ತಿ ನೋಡುತ್ತಾರೆ. ಒಬ್ಬನೇ ಬಂದಿದ್ದ ಒಂದು ಆಸಾಮಿ ಹಿತ್ತಲ ಬಾಗಿಲ ಅಗುಳಿಯನ್ನು ಎರಡು ಸಲ ಹಾಕಿ ತೆಗೆದು ನೋಡಿದ. ಆಮೇಲೆ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತ. ಆ ಮನೆಯ ಕ್ಯಾಲೆಂಡರಿನಲ್ಲಿ ಎಲ್ಲವೂ ಇತ್ತು. ಗ್ಯಾಸ್ ಬಂದ ದಿನ, ಹಾಲು ಬೇಡವೆಂದ ದಿನ, ತಂಗಿ ಮಗಳ ಮದುವೆಗೆ ಮೂರು ದಿನ ಊರಲ್ಲಿಲ್ಲ ಎಂಬುದು ಸಹ.

"ಮೂರೂ ದಿನ ಇಬ್ಬರೂ ಹೋಗ್ತೀರಾ?" ಎಂದು ಆತ ವಿಚಾರಿಸಿದ. ಗುರುಪಾದಪ್ಪ ಹೌದೆಂದು, ಬಸ್ಸಿನ ಹೊತ್ತನ್ನೂ ಸೇರಿಸಿ ಹೇಳಿದರು. ಸರ್ವಮಂಗಳಾ ಮದುವೆಗೆ ಹೋಗಲಿಲ್ಲ.

ಆತ ಇನ್ನೊಂದನ್ನೂ ಕೇಳಿದ್ದ: ಅಲ್ಲಲ್ಲಿ ತಾರೀಖಿನ ಮೂಲೆಯಲ್ಲಿ ಬರೆದಿರುವ ಸಣ್ಣ ಹೂವು ಏನು? ಹೆಸರುಕಾಳು ನೆನೆಹಾಕಿದ ದಿನ ಎಂದಳು ಸರ್ವಮಂಗಳಾ. ಅದು ಸುಳ್ಳು. ಯಾರೂ ಕರೆಯದೆ, ಏನೂ ಕೇಳದೆ, ಅರ್ಧ ಗಂಟೆ ತನ್ನ ಪಾಡಿಗೆ ತಾನು ಕೂತ ದಿನಗಳು ಅವು. ತಿಂಗಳಿಗೆ ಮೂರೋ ನಾಲ್ಕೋ ಇರುತ್ತಿದ್ದವು. ಗಂಡ ಒಂದು ದಿನವೂ ಕೇಳಿರದಿದ್ದುದನ್ನು ದಾರಿಹೋಕನೊಬ್ಬ ಕೇಳಿದ್ದು ಅವಳನ್ನು ಎರಡು ದಿನ ಕಾಡಿತು. ಕ್ಯಾಲೆಂಡರ್ ತೆಗೆದಿಟ್ಟು ನೋಡಿದಳು. ಗುರುಪಾದಪ್ಪ ದಿನಕ್ಕೆ ಹನ್ನೊಂದು ಸಲ ಇವತ್ತು ಯಾವ ವಾರ ಎಂದು ಕೇಳತೊಡಗಿದ್ದರಿಂದ ಮತ್ತೆ ತೂಗುಹಾಕಿದಳು.

ಮರೆಗಾರ ಕೆಲಸ ಮಾಡುವ ಬಗೆ ಹೀಗೆ. ಪ್ರತಿ ಕೋಣೆಯ ಸೂರಿನಲ್ಲೂ ಮುಷ್ಟಿಯಷ್ಟು ಡಬ್ಬಿ. ಹೊರಗಿನವರ ಕಣ್ಣು ಒಂದು ವಸ್ತುವಿನ ಮೇಲೆ ನಿಂತಾಗ ಮನೆಯೊಡತಿಯ ಎದೆ ಹಾರಿದರೆ, ಅದು ಗುಟ್ಟಿನದು ಎಂದು ತಿಳಿದುಕೊಂಡು ಅದರ ಮೇಲೆ ಬೇರೊಂದು ಚಿತ್ರ ಹೊದಿಸುತ್ತದೆ. ಎದೆ ಹಾರಿದ್ದು ತಿಳಿಯಲು ಸರ್ವಮಂಗಳಾ ಹಸಿರು ಬಳೆಯೊಂದನ್ನು ಹಾಕಿಕೊಳ್ಳಬೇಕು.

"ನನ್ನ ಗುಟ್ಟು ಕಾಯೋದಕ್ಕೆ ನನ್ನ ಎದೆಬಡಿತ ಅದಕ್ಕೆ ಹೇಳಬೇಕಾ?"

"ಅದು ಯಂತ್ರ ಕಣೆ. ಎದೆ ಹಾರಿದ್ದು ಗೊತ್ತಾಗುತ್ತೆ. ಯಾಕೆ ಅಂತ ಗೊತ್ತಾಗಲ್ಲ."

ಹಾಗಿದ್ದರೆ ಇದು ಅಭ್ಯಾಸವಿರುವ ಸಹವಾಸವೇ ಎಂದುಕೊಂಡು ಸರ್ವಮಂಗಳಾ ಕೈ ಚಾಚಿದಳು. ಹೊದಿಸುವ ಚಿತ್ರಗಳು ಎಲ್ಲಿಯವು ಎಂದು ಕೇಳಿದಾಗ, ಮಾರಾಟಕ್ಕಿರುವ ಮನೆಗಳ ಫೋಟೊಗಳು ಇಂಟರ್ನೆಟ್ಟಿನಲ್ಲಿ ರಾಶಿ ಬಿದ್ದಿವೆ, ಊರಿನ ಇನ್ನೂರು ಮನೆ ಇದರೊಳಗೆ ತುಂಬಿಸಿದ್ದೇನೆ ಎಂದರು. ಅವರೂ ನಮ್ಮಂಥವರೇ ಅಲ್ಲವಾ ಎಂದಳು ಅವಳು. ಅವರಾಗೇ ಹಾಕಿದ್ದು ತಾನೆ ಎಂದರು ಅವರು.

ಗುರುವಾರ ಮನೆ ನೋಡಲು ಮೇಷ್ಟರೊಬ್ಬರು ಬಂದರು. ನಡುಮನೆಯ ಗೋಡೆಯಲ್ಲಿ ಮಳೆನೀರು ಇಳಿದು ಆಗಿದ್ದ ಕಲೆಯ ಕಡೆ ಅವರ ಕಣ್ಣು ಹೋಯಿತು. ಸರ್ವಮಂಗಳಾಳ ಎದೆ ಹಾರಿತು. ಕೂಡಲೇ ಕಲೆ ಮಾಯವಾಗಿ ಅಲ್ಲೊಂದು ಅಂದವಾದ ಬೇಸಿನ್ ಬಂತು. ಬಿಸಿಲಿನಲ್ಲಿ ಬಂದಿದ್ದ ಮೇಷ್ಟರು ಮುಖ ತೊಳೆಯಲು ಹೋಗಿ ನಲ್ಲಿಯೆಂದುಕೊಂಡು ಬರೀ ಗೋಡೆಯನ್ನು ಎರಡು ನಿಮಿಷ ತಿರುವಿದರು. ಆಮೇಲೆ ಅವರು ಅಡುಗೆಮನೆಗೆ ಕಾಲಿಡುವಷ್ಟರಲ್ಲಿ ಕಾಫಿಗೆ ಇಟ್ಟ ಹಾಲು ಉಕ್ಕಿತು. ಅವಳ ಎದೆ ಇನ್ನೊಮ್ಮೆ ಹಾರಿತು. ಒಲೆಯಿದ್ದ ಕಡೆ ಯಾರದೋ ಮನೆಯ ದೇವರ ಜಗಲಿ ಮೂಡಿತು. ಮೇಷ್ಟರು ಅದಕ್ಕೆ ಕೈಮುಗಿದು, ಬಗ್ಗಿ, ಹಣೆ ಚುರುಕ್ಕೆಂದು ಹಿಂದಕ್ಕೆ ಹಾರಿದರು. ಮೆಟ್ಟಿಲಿಳಿಯುವಾಗ, ಈ ಮನೆಯಲ್ಲಿ ನೀರೂ ಇಲ್ಲ, ದೇವರೂ ಸೌಮ್ಯವಾಗಿಲ್ಲ ಎಂದು ಹೇಳಿ ಹೋದರು.

ಸರ್ವಮಂಗಳಾ ಬಳೆ ತೆಗೆದು ಮೇಜಿನ ಮೇಲಿಟ್ಟಳು. ತಿಂಗಳು ಮುಗಿಯಲು ಇನ್ನು ನಾಲ್ಕೇ ದಿನ, ಇದನ್ನು ಕಿತ್ತುಹಾಕಿ ಎಂದಳು. ಸಣ್ಣ ತಿದ್ದುಪಡಿ ಸಾಕು ಎಂದರು ಗುರುಪಾದಪ್ಪ. ಹೊದಿಸುವ ಚಿತ್ರ ಆ ಜಾಗಕ್ಕೆ ಹೊಂದುವಂತೆ ನೋಡಿಕೊಂಡರಾಯಿತು: ಬೀರುವಿನ ಮೇಲೆ ಬೀರುವೇ, ಒಲೆಯ ಮೇಲೆ ಒಲೆಯೇ. ಅವರ ಮುಖ ಎಷ್ಟು ಸಣ್ಣದಾಗಿತ್ತೆಂದರೆ ಅವಳು ಮತ್ತೆ ಬಳೆ ಹಾಕಿಕೊಂಡಳು. ಅವರ ದಾಂಪತ್ಯದ ಬಹುಪಾಲು ಹೀಗೇ ನಡೆದಿತ್ತು.

ಭಾನುವಾರ ಬಂದವರು ಮಹಾರುದ್ರಯ್ಯ, ಅವರ ಹೆಂಡತಿ ಶಿವಲೀಲಾ. ಅವರೂ ತಮ್ಮ ಸಣ್ಣ ಮನೆ ಮಾರಿ ಇಲ್ಲಿಗೆ ಬರುವ ವಿಚಾರದಲ್ಲಿದ್ದರು. ಆತ ಒಂದೇ ಸಮನೆ ಮಾತಾಡುತ್ತಿದ್ದರು, ಆದರೆ ಗೋಡೆಯ ಜೊತೆ, ಕಿಟಕಿಯ ಜೊತೆ. ಶಿವಲೀಲಾ ಮಾತಾಡಲಿಲ್ಲ. ಬಾಲ್ಕನಿಗೆ ಹೋಗಿ, ಅಲ್ಲಿ ಬೆಳಗಿನ ಬಿಸಿಲು ಎಷ್ಟು ಹೊತ್ತು ಇರುತ್ತದೆ ಎಂದು ಮಾತ್ರ ಕೇಳಿದಳು. ಮನೆ ನೋಡಲು ಬಂದವರಲ್ಲಿ ಆ ಪ್ರಶ್ನೆ ಕೇಳಿದವಳು ಅವಳೊಬ್ಬಳೇ. ಈ ಮನೆ ಇವಳಿಗೇ ಹೋಗಲಿ ಎಂದು ಸರ್ವಮಂಗಳಾಗೆ ಅನ್ನಿಸಿತು.

ಆಗ ಮಹಾರುದ್ರಯ್ಯ ಕ್ಯಾಲೆಂಡರಿನ ಮುಂದೆ ನಿಂತರು.

ಸರ್ವಮಂಗಳಾಳ ಎದೆ ಹಾರಿತು. ಹೂವುಗಳಿದ್ದ ಕ್ಯಾಲೆಂಡರ್ ಹೋಗಿ ಇನ್ನೊಂದು ಕ್ಯಾಲೆಂಡರ್ ಬಂತು. ಜಾಗಕ್ಕೆ ಸರಿಯಾಗಿ ಹೊಂದುತ್ತಿತ್ತು. ಗುರುಪಾದಪ್ಪ ಸಂತೋಷ ತಡೆಯಲಾರದೆ ಪಕ್ಕಕ್ಕೆ ಬಂದು ನಿಂತರು. ಅಕ್ಷರ ಎಷ್ಟು ಸ್ಪಷ್ಟ ನೋಡಿ ಎಂದು, ಕನ್ನಡಕ ಏರಿಸಿ ಓದಿಯೇಬಿಟ್ಟರು.

"ಏಳು, ಮಾತಿಲ್ಲ. ಎಂಟು, ಮಾತಿಲ್ಲ. ಒಂಬತ್ತು, ಮಾತಿಲ್ಲ. ಹತ್ತು, ಬದನೆಕಾಯಿ ಚೆನ್ನಾಗಿದೆ ಅಂದರು. ಹನ್ನೊಂದು..."

ಶಿವಲೀಲಾಳ ಮುಖ ನೋಡಿದ ಮೇಲೆ ಸರ್ವಮಂಗಳಾಗೆ ಹನ್ನೊಂದು ಕೇಳುವ ಅಗತ್ಯ ಇರಲಿಲ್ಲ. ಇನ್ನೂರು ಮನೆಗಳಲ್ಲಿ ಇದು ಯಾರ ಮನೆ ಎಂದು ಅವಳಿಗೆ ತಿಳಿದುಹೋಯಿತು. ಮಹಾರುದ್ರಯ್ಯ ಇನ್ನೂ ಕಣ್ಣು ಕಿರಿದು ಮಾಡಿಕೊಂಡು ಅಕ್ಷರ ಕೂಡಿಸುತ್ತಿದ್ದರು. ಸರ್ವಮಂಗಳಾ ಎರಡೇ ಹೆಜ್ಜೆಗೆ ಹೋಗಿ ಗೋಡೆಗೆ ಬೆನ್ನು ಕೊಟ್ಟು ನಿಂತಳು. ಬೆಳಕು ಅವಳ ಮೇಲೆ ಬಿತ್ತು. ತಾರೀಖುಗಳೆಲ್ಲ ಸೀರೆಯ ನಿರಿಗೆಗಳಲ್ಲಿ ಮುರಿದು, ಯಾರೂ ಓದಲಾಗದ ಹಾಗೆ ಚೂರುಚೂರಾದವು.

"ಪಕ್ಕಕ್ಕೆ ಸರಿಯೇ, ಏನೂ ಕಾಣ್ತಿಲ್ಲ," ಎಂದರು ಗುರುಪಾದಪ್ಪ.

"ಕಾಣಬಾರದು ಅಂತಲೇ ನಿಂತಿರೋದು."

ಆದರೆ ಈಗ ಅವಳ ಎದೆ ನಿಲ್ಲದೆ ಹೊಡೆದುಕೊಳ್ಳುತ್ತಿತ್ತು. ಮರೆಗಾರನಿಗೆ ಯಾಕೆಂದು ಗೊತ್ತಾಗಲಿಲ್ಲ. ಸಿಕ್ಕ ಮನೆಯನ್ನೇ ಹಿಡಿದುಕೊಂಡು ನಡುಮನೆ ತುಂಬ ಹರಡಿತು. ಕಿಟಕಿಗೆ ಶಿವಲೀಲಾಳ ಪರದೆ ಬಂತು, ಮೂಲೆಗೆ ಅವಳ ಹೊಲಿಗೆ ಯಂತ್ರ, ಬಾಗಿಲ ಪಕ್ಕಕ್ಕೆ ಮೊಳೆಯಲ್ಲಿ ತೂಗುವ ಬೀಗದ ಕೈಗೊಂಚಲು. ಒಂದೊಂದಕ್ಕೂ ಚೀಟಿ ಕಟ್ಟಿ ಹಿತ್ತಲ ಬಾಗಿಲು, ಮುಂಬಾಗಿಲು ಎಂದು ಬರೆದಿತ್ತು. ಮಹಾರುದ್ರಯ್ಯ ಸುತ್ತಲೂ ನೋಡಿದರು. ತಲೆ ತಿರುಗಿದಂತಾಗಿ ತಮ್ಮದೇ ಸೋಫಾದ ಮೇಲೆ ಕೂತರು. ಸೋಫಾ ಇರಲಿಲ್ಲ.

ನೆಲದಲ್ಲಿ ಕೂತೇ ಆತ ಬೀಗದಕೈ ಗೊಂಚಲನ್ನು ತೋರಿಸಿದರು. "ಲೀಲಾ, ಇದು ನಮ್ಮನೆ. ಇದನ್ನ ಊರವರೆಲ್ಲ ನೋಡಿದ್ದಾರಾ?"

ನೋಡಿರಬಹುದು ಎಂದು ಸರ್ವಮಂಗಳಾ ಮೆಲ್ಲಗೆ ಹೇಳಿದಳು. ಫೋಟೊ ಎಲ್ಲಿಂದ ಬಂತೆಂದು ಮುಚ್ಚಿಡದೆ ತಿಳಿಸಿದಳು, ತಪ್ಪಾಯಿತೆಂದಳು. ಹಾಗೆ ಹೇಳುವಾಗ ಹರಿಹರದ ಕೋಣೆಯ ಬಾಗಿಲು ಮುಚ್ಚಿಕೊಳ್ಳುತ್ತಿರುವುದು ಅವಳಿಗೆ ಕೇಳಿಸಿದಂತಾಯಿತು. ಆದರೂ ಗೋಡೆ ಬಿಟ್ಟು ಕದಲಲಿಲ್ಲ.

ಮಹಾರುದ್ರಯ್ಯ ಕೂತಲ್ಲಿಂದಲೇ ದಲ್ಲಾಳಿಗೆ ಫೋನು ಹಚ್ಚಿ, ಈ ಕ್ಷಣ ನಮ್ಮನೆ ಫೋಟೊ ತೆಗೆದುಹಾಕಬೇಕು, ಇವತ್ತೇ ಬೀಗ ಬದಲಾಯಿಸುತ್ತೇನೆ ಎಂದು ಕೂಗಾಡಿದರು. ಆ ಗದ್ದಲದ ನಡುವೆ ಶಿವಲೀಲಾ ಬಂದು ಸರ್ವಮಂಗಳಾಳ ಪಕ್ಕಕ್ಕೆ, ಅದೇ ಗೋಡೆಗೆ ಬೆನ್ನು ಕೊಟ್ಟು ನಿಂತಳು. ಇಬ್ಬರ ಸೀರೆಯ ಮೇಲೂ ಒಂದೇ ತಿಂಗಳು ಹಂಚಿಹೋಯಿತು.

"ನಮ್ಮನೆಯವರು ಓದಿದರಾ?" ಎಂದಳು ಶಿವಲೀಲಾ, ತುಟಿ ಅಲ್ಲಾಡಿಸದೆ.

"ಬದನೆಕಾಯಿವರೆಗೆ ಕೇಳಿಸಿರಬೇಕು."

ಶಿವಲೀಲಾ ನಕ್ಕಳು. ಮೊದಲು ಸದ್ದಿಲ್ಲದೆ, ಆಮೇಲೆ ಭುಜ ಕುಲುಕುವ ಹಾಗೆ. ಫೋನು ಇಟ್ಟ ಮಹಾರುದ್ರಯ್ಯ ಹೆಂಡತಿ ನಗುವುದನ್ನು ಬೆರಗಾಗಿ ನೋಡಿದರು. ಅವಳು ಹಾಗೆ ನಕ್ಕು ಬಹಳ ದಿನವಾಗಿರಬೇಕು. ಏನು ವಿಷಯ ಎಂದು ಕೇಳಿದರು, ನಿಜವಾಗಿಯೂ ಅವಳನ್ನೇ ನೋಡುತ್ತಾ.

"ಮನೆಗೆ ಹೋಗಿ ಹೇಳ್ತೀನಿ," ಎಂದಳು ಶಿವಲೀಲಾ. "ಈ ಮನೆ ನನಗೆ ಇರಲಿ. ಆದರೆ ಸೂರಲ್ಲಿ ಒಂದು ಡಬ್ಬೀನೂ ಉಳೀಬಾರದು."

ಸರ್ವಮಂಗಳಾ ತಲೆಯಾಡಿಸಿದಳಷ್ಟೆ.

ಗುರುಪಾದಪ್ಪ ಈ ಸಲ ವಾದಿಸದೆ ಏಣಿ ತಂದು ಹತ್ತಿದರು. ಎಲ್ಲರೂ ತಲೆಯೆತ್ತಿ ಅವರನ್ನೇ ನೋಡಿದರು. ಆ ಹೊತ್ತಿಗೆ ಸರ್ವಮಂಗಳಾಗೆ ಇಡೀ ಸಂಗತಿ ಅರ್ಥವಾಗಿ, ಮನೆ ಮಾರಾಟವಾಯಿತು, ಕೋಣೆ ತನ್ನದಾಯಿತು ಎಂದು ಎದೆ ಹಿಂದೆಂದೂ ಇಲ್ಲದಷ್ಟು ಎತ್ತರಕ್ಕೆ ಹಾರಿತು. ಮರೆಗಾರ ತನ್ನ ಕೊನೆಯ ಕರ್ತವ್ಯ ಮಾಡಿತು. ಎಲ್ಲರ ಕಣ್ಣು ಯಾವುದರ ಮೇಲಿತ್ತೋ ಅದನ್ನು ತಲೆಯಿಂದ ಕಾಲಿನವರೆಗೆ ಹೊದಿಸಿತು. ಏಣಿಯ ಮೇಲೆ ಗುರುಪಾದಪ್ಪ ಇದ್ದ ಕಡೆ ನೀಲಿ ಬಣ್ಣದ, ಎರಡು ಬಾಗಿಲ ಫ್ರಿಜ್ಜೊಂದು ನಿಂತು, ಸ್ಕ್ರೂಡ್ರೈವರ್ ಎಲ್ಲಿಟ್ಟಿದ್ದೀ ಎಂದು ಗೊಣಗುತ್ತಿತ್ತು.

ಮಹಾರುದ್ರಯ್ಯ ಅದನ್ನು ಬಹಳ ಹೊತ್ತು ನೋಡಿ, ಫ್ರಿಜ್ಜು ಮನೆಯ ಜೊತೆಗೇ ಬರುತ್ತದೆಯೇ ಎಂದು ಕೇಳಿದರು.

"ಇಲ್ಲ, ಅದನ್ನ ನಾವು ತಗೊಂಡು ಹೋಗ್ತೀವಿ," ಎಂದಳು ಸರ್ವಮಂಗಳಾ. "ತಣ್ಣಗೇನೂ ಮಾಡಲ್ಲ, ಸದ್ದು ಮಾತ್ರ. ಆದರೂ ಅಭ್ಯಾಸ ಆಗಿಬಿಟ್ಟಿದೆ."