ಕೂದಲು ನಾಟಿಯೂ ಅವ್ವನ ಊಟವೂ

ಬೋಳುತಲೆಯನ್ನು ತಮಾಷೆ ಮಾಡುವವರೆಲ್ಲ ತಲೆತುಂಬ ಕೂದಲಿರುವವರು ಎಂದು ಬಹಳ ಜನ ತಿಳಿದಿದ್ದಾರೆ. ಹಾಗೇನಿಲ್ಲ. ಅತಿ ಹೆಚ್ಚು ತಮಾಷೆ ಮಾಡುವವರು ನಾವೇ, ಬೋಳುತಲೆಯವರು. ಬೇರೆಯವರು ಬಾಯಿ ತೆರೆಯುವ ಮೊದಲೇ ನಾವೇ ಒಂದು ಮಾತು ಆಡಿ ನಕ್ಕುಬಿಟ್ಟರೆ ವಿಷಯ ಅಲ್ಲಿಗೆ ಮುಗಿಯುತ್ತದೆ ಎಂಬ ಲೆಕ್ಕಾಚಾರ ನಮ್ಮದು. ಮೂಡಿಗೆರೆಯ ಕ್ಷೌರದಂಗಡಿಯಲ್ಲಿ ಕುರ್ಚಿ ಹತ್ತುವಾಗಲೇ ನಾನು, 'ಬೇಲಿ ಪಕ್ಕ ಒಂದು ಸವರಿಬಿಡು ಮಾರಾಯ, ತೋಟದೊಳಗೆ ಏನೂ ಕೆಲಸ ಇಲ್ಲ' ಎಂದು ಹೇಳುತ್ತಿದ್ದೆ. ಅಂಗಡಿಯಲ್ಲಿದ್ದವರೆಲ್ಲ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಇಪ್ಪತ್ತು ವರ್ಷ ಅದೇ ಮಾತು, ಅದೇ ನಗು. ಆದರೆ ಐವತ್ತು ದಾಟಿದ ಮೇಲೆ ನಾನು ಕೂದಲು ನಾಟಿ ಮಾಡಿಸಿಕೊಳ್ಳಲು ಹೊರಟೆನಲ್ಲ, ಅದನ್ನು ಮಾತ್ರ ಆ ಅಂಗಡಿಯಲ್ಲಿ ಹೇಳಲಿಲ್ಲ. ಅದರಲ್ಲಿ ನಗುವಂಥದ್ದು ನನಗೇನೂ ಕಾಣಲಿಲ್ಲ.

ಮೊದಲು ನನ್ನ ತಲೆಯ ಪರಿಸ್ಥಿತಿ ತಿಳಿಸಿಬಿಡುತ್ತೇನೆ. ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ, ಹಿಂದಿನಿಂದ ಸುತ್ತಿಕೊಂಡು ಹೋಗುವ ಒಂದು ಪಟ್ಟಿ ಉಳಿದಿದೆ. ಉಳಿದದ್ದೆಲ್ಲ ಬಯಲು. ಮೂವತ್ತಕ್ಕೆ ಶುರುವಾಗಿ ನಲವತ್ತಕ್ಕೆಲ್ಲ ಮುಗಿದ ಕೆಲಸ ಅದು. ನಮ್ಮ ಅಪ್ಪಯ್ಯನದೂ ಹೀಗೆಯೇ ಇತ್ತು, ಅಜ್ಜನದೂ ಹೀಗೆಯೇ. ನಮ್ಮದು ಜಾವಳಿ ಹತ್ತಿರ ಸಣ್ಣ ಕಾಫಿ ತೋಟ. ಅಪ್ಪಯ್ಯ ತೀರಿಕೊಂಡ ಮೇಲೆ ನಾನೇ ನೋಡಿಕೊಳ್ಳುತ್ತಿದ್ದೇನೆ. ಹಳೆಯ ಆಳುಗಳು ನಾನು ಗಿಡಗಳ ನಡುವೆ ಬಗ್ಗಿ ನಿಂತಿದ್ದನ್ನು ಹಿಂದಿನಿಂದ ಕಂಡರೆ, 'ಅಯ್ಯೋ, ದೊಡ್ಡಗೌಡ್ರೇ ಎದ್ದು ಬಂದ್ರಾ ಅನ್ನಿಸ್ತು' ಎನ್ನುತ್ತಾರೆ. ನಾನು ಅದನ್ನು ಹೊಗಳಿಕೆ ಎಂದೇ ತೆಗೆದುಕೊಳ್ಳುತ್ತಿದ್ದೆ.

ನಮ್ಮ ಅವ್ವನಿಗೆ ಈಗ ಎಂಬತ್ತು ದಾಟಿದೆ. ಸಕ್ಕರೆ ಕಾಯಿಲೆ ಹಳೆಯದು, ಮರೆವಿನ ಕಾಯಿಲೆ ಈಚಿನದು. ಮೊದಮೊದಲು ಕನ್ನಡಕ ಎಲ್ಲಿಟ್ಟೆ, ಉಪ್ಪು ಹಾಕಿದೆನೋ ಇಲ್ಲವೋ, ಇಷ್ಟೇ ಇತ್ತು. ಕಳೆದ ವರ್ಷ ಒಂದು ಬೆಳಿಗ್ಗೆ ನಾನು ತೋಟದಿಂದ ಒಳಗೆ ಬಂದೆ. ಕುರ್ಚಿಯಲ್ಲಿ ಕೂತಿದ್ದ ಅವ್ವ ತಟಕ್ಕನೆ ಎದ್ದು ನಿಂತು ತಲೆಯ ಮೇಲೆ ಸೆರಗು ಎಳೆದುಕೊಂಡಳು. ಯಾರೋ ದೊಡ್ಡವರು ಬಂದಿರಬೇಕು ಎಂದು ನಾನು ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ. 'ಬಿಸಿನೀರು ಕಾದಿದೆ, ಕೈಕಾಲು ತೊಳ್ಕೊಂಡು ಬನ್ನಿ' ಎಂದು ನೆಲ ನೋಡುತ್ತ ಹೇಳಿ ಒಳಗೆ ಹೋದಳು. 'ಏನೋ, ಎಲ್ಲಿ ಹಾಳಾಗಿ ಹೋಗಿದ್ದೆ' ಎಂದು ನನ್ನನ್ನು ಸ್ವಾಗತಿಸುತ್ತಿದ್ದ ಅವ್ವ ಅವಳು.

ನನ್ನ ಹೆಂಡತಿ ಸುಮಾಳ ಗುರುತು ಅವ್ವನಿಗೆ ಇವತ್ತಿಗೂ ತಪ್ಪಿಲ್ಲ. ಅವತ್ತು ಮಧ್ಯಾಹ್ನ ಅವಳನ್ನೇ ಕೇಳಿದಳು, 'ನಿನ್ನ ಗಂಡ ಎಲ್ಲಿ ಸುಮಾ, ಬೆಳಿಗ್ಗೆಯಿಂದ ಕಾಣಲ್ಲ?' ಸುಮಾ ಜಗಲಿಯಲ್ಲಿ ಕೂತಿದ್ದ ನನ್ನನ್ನು ತೋರಿಸಿ, 'ಅಲ್ಲೇ ಇದ್ದಾರಲ್ಲ ಅತ್ತೆ' ಎಂದಳು. ಅವ್ವ ನನ್ನನ್ನು ನೋಡಿ, ಸುಮಾಳನ್ನು ನೋಡಿ, 'ಅದು ನನ್ನ ಗಂಡ ಕಣೇ' ಎಂದಳು. ಗೋಡೆಯ ಮೇಲಿದ್ದ ಅಪ್ಪಯ್ಯನ ಫೋಟೊ ತೋರಿಸಿದೆವು, ಹಾರ ಹಾಕಿದ್ದೂ ತೋರಿಸಿದೆವು. ಅವ್ವ ಫೋಟೊಗೆ ಕೈ ಮುಗಿದು, 'ಅವರು ನನ್ನ ಮಾವ' ಎಂದುಬಿಟ್ಟಳು. ಬೋಳುತಲೆ ವಂಶಪಾರಂಪರ್ಯವಾಗಿ ಬಂದರೆ ಇಂಥ ತೊಡಕೂ ಇರುತ್ತದೆ ಎಂದು ಯಾರೂ ನನಗೆ ಹೇಳಿರಲಿಲ್ಲ.

ಇಷ್ಟೇ ಆಗಿದ್ದರೆ ಹೇಗೋ ಸಂಭಾಳಿಸಬಹುದಿತ್ತು. ಕಷ್ಟ ಬಂದದ್ದು ಊಟದಲ್ಲಿ. ಅವ್ವನ ಕಾಲದ ಹೆಂಗಸರು ಯಜಮಾನರು ಉಣ್ಣುವ ಮೊದಲು ಉಣ್ಣುತ್ತಿರಲಿಲ್ಲ. ಅಪ್ಪಯ್ಯ ತೀರಿಕೊಂಡ ಮೇಲೆ ಆ ಕಟ್ಟುಪಾಡು ತಾನಾಗಿ ಬಿಟ್ಟುಹೋಗಿತ್ತು. ಈಗ ಅಪ್ಪಯ್ಯ ನನ್ನ ರೂಪದಲ್ಲಿ ವಾಪಸು ಬಂದಮೇಲೆ ಕಟ್ಟುಪಾಡೂ ವಾಪಸು ಬಂತು. ನಾನು ಉಣ್ಣದೆ ಅವ್ವ ಒಂದು ತುತ್ತು ಮುಟ್ಟುವುದಿಲ್ಲ. ಸುಮಾ ಬೇಡಿಕೊಂಡರೂ ಇಲ್ಲ, ಗದರಿದರೂ ಇಲ್ಲ. 'ಅವ್ರು ಬರ್ಲಿ' ಎಂದು ಬಾಗಿಲ ಕಡೆ ನೋಡುತ್ತ ಕೂರುತ್ತಾಳೆ. ಕಾಫಿ ಕುಯ್ಲಿನ ದಿನಗಳಲ್ಲಿ ನಾನು ಊಟಕ್ಕೆ ಬರುವುದಕ್ಕೆ ಹೊತ್ತು ಗೊತ್ತು ಇರುವುದಿಲ್ಲ. ಆಳುಗಳು ಕುಯ್ದ ಹಣ್ಣು ತೂಕ ಆಗಬೇಕು, ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರ ಕೈಕೊಟ್ಟರೆ ಅದನ್ನು ನೋಡಬೇಕು. ಅಷ್ಟು ಹೊತ್ತೂ ಮನೆಯಲ್ಲಿ ಸಕ್ಕರೆ ಕಾಯಿಲೆಯ ಮುದುಕಿ ಮಾತ್ರೆ ನುಂಗಿ ಹಸಿದುಕೊಂಡು ಕೂತಿರುತ್ತಾಳೆ. ಒಂದು ಸಲ ಸಕ್ಕರೆ ಇಳಿದು ತಲೆ ತಿರುಗಿ ಬಿದ್ದಳು. ಇನ್ನೊಂದು ಸಲ ಹೀಗಾದರೆ ಜೀವಕ್ಕೇ ಅಪಾಯ ಎಂದು ಮೂಡಿಗೆರೆಯ ಡಾಕ್ಟರು ನನಗೇ ಬೈದರು. ಉಣ್ಣದೆ ಇದ್ದವಳು ಅವಳು, ಬೈಸಿಕೊಂಡವನು ನಾನು.

ನಾನು ಮಗ ಎಂದು ಅವ್ವನಿಗೆ ಸಾಬೀತು ಮಾಡಲು ಪಟ್ಟ ಪಾಡು ಅಷ್ಟಿಷ್ಟಲ್ಲ. ಸಣ್ಣವನಿದ್ದಾಗ ಬಾವಿಕಟ್ಟೆಯ ಮೇಲಿಂದ ಬಿದ್ದು ಮೊಣಕೈ ಮುರಿದುಕೊಂಡಿದ್ದು ನೆನಪಿಸಿದೆ. ಮೊಣಕೈಯ ಗುರುತೂ ತೋರಿಸಿದೆ. ಅವ್ವ ಅದನ್ನು ಮುಟ್ಟಿ ನೋಡಿ, 'ಅಪ್ಪ ಮಗ ಇಬ್ಬರಿಗೂ ಒಂದೇ ಕಡೆ ಪೆಟ್ಟಾಗಿದೆ' ಎಂದು ಮರುಗಿದಳು. ನಾನು ಸಿಟ್ಟಿನ ಮನುಷ್ಯ. 'ಅವ್ವಾ, ನಾನು ನಿನ್ನ ಮಗ! ಮಗ!' ಎಂದು ಕಿರುಚಿದೆ. ಅವ್ವ ಹೆದರಿ ಅಡುಗೆಮನೆಗೆ ಹೋಗಿ ಸುಮಾಳ ಕಿವಿಯಲ್ಲಿ ಹೇಳಿದಳಂತೆ, 'ಯಾಕೋ ಇವರಿಗೆ ಮರೆವು ಶುರುವಾದ ಹಾಗಿದೆ. ತಮ್ಮನ್ನೇ ಮಗ ಅಂತ ಅಂದ್ಕೊಳ್ತಾರೆ. ಒಳ್ಳೆ ಡಾಕ್ಟರಿಗೆ ತೋರಿಸಬೇಕು.' ಹೇಳುವಾಗ ಅವ್ವನ ಕಣ್ಣಲ್ಲಿ ನೀರಿತ್ತಂತೆ.

ಹೀಗೆ ಕೂತು ಯೋಚಿಸುವಾಗ ನನಗೆ ಹೊಳೆಯಿತು. ಅವ್ವನ ಮನಸ್ಸಿನಲ್ಲಿರುವ ಮಗ ಇನ್ನೂ ಇಪ್ಪತ್ತೈದರ ಹುಡುಗ, ತಲೆತುಂಬ ಕೂದಲು. ನನ್ನ ತಲೆಗೂ ಕೂದಲು ಬಂದರೆ ಅವಳು ನನ್ನನ್ನು ಗುರುತು ಹಿಡಿಯುತ್ತಾಳೆ, ಮಗನಿಗಾಗಿ ಕಾಯುವ ಪದ್ಧತಿ ಯಾವ ತಾಯಿಗೂ ಇಲ್ಲ, ಹೊತ್ತಿಗೆ ಸರಿಯಾಗಿ ಉಣ್ಣುತ್ತಾಳೆ. ನಮ್ಮ ದಾಯಾದಿ ರತ್ನಾಕರ ಈಗಾಗಲೇ ಕೂದಲು ನಾಟಿ ಮಾಡಿಸಿಕೊಂಡಿದ್ದ. ಅವನಿಗೆ ಹಣೆಯ ಮೇಲೆ ದಟ್ಟವಾಗಿ ಬಂದಿದೆ, ನಡುನೆತ್ತಿ ಮಾತ್ರ ಹಾಗೇ ಉಳಿದಿದೆ. ಅದಕ್ಕೇ ಅವನು ಮದುವೆಮನೆಗಳಲ್ಲಿ ಕೊನೆಯ ಸಾಲಿನಲ್ಲಿ ಗೋಡೆಗೆ ಒರಗಿ ಕೂರುತ್ತಾನೆ, ಯಾರಾದರೂ ಹಿಂದಿನಿಂದ ಕರೆದರೆ ಇಡೀ ದೇಹ ಸಮೇತ ತಿರುಗುತ್ತಾನೆ. 'ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗು ಮಾರಾಯ. ಎದುರಿಗೆ ನಿಂತು ನೋಡೋರಿಗೆ ಸಾಕಲ್ಲ' ಎಂದು ಧೈರ್ಯ ತುಂಬಿದ. ಅವ್ವ ನನ್ನನ್ನು ಎದುರಿನಿಂದಲೇ ನೋಡುವವಳು, ಆದ್ದರಿಂದ ಅಡ್ಡಿಯಿಲ್ಲ ಎಂದುಕೊಂಡೆ.

ಕ್ಲಿನಿಕ್ಕಿನ ಡಾಕ್ಟರು ಇನ್ನೂ ಹುಡುಗ. ಒಳ್ಳೆಯವನು, ಸುಳ್ಳು ಹೇಳಲಿಲ್ಲ. ನನ್ನ ತಲೆಯನ್ನು ದೀಪದ ಕೆಳಗೆ ಹಿಡಿದು ಸುತ್ತ ತಿರುಗಿಸಿ ನೋಡಿದ. 'ಸರ್, ನಿಮ್ಮದು ಕೊನೆಯ ಹಂತ. ಹಿಂದೆ ಉಳಿದಿರೋ ಈ ಪಟ್ಟಿಯಿಂದಲೇ ಕಿತ್ತು ಮುಂದೆ ನೆಡಬೇಕು. ಇಡೀ ತಲೆಗೆ ಸಾಲೋದಿಲ್ಲ. ಮುಂದುಗಡೆ ಸ್ವಲ್ಪ ಮಾಡಬಹುದು, ನೆತ್ತಿ ಬಿಡಬೇಕಾಗ್ತದೆ' ಎಂದ. ನರ್ಸರಿಯಲ್ಲಿ ಗಿಡ ಕಮ್ಮಿ, ನೆಡುವ ಜಾಗ ಜಾಸ್ತಿ. ಅಷ್ಟು ನನಗೆ ಅರ್ಥವಾಯಿತು. ನಮ್ಮ ತೋಟದ ಮೇಸ್ತ್ರಿಗೆ ಕರಡಿಯಂಥ ಕೂದಲಿದೆ, ಅವನಿಂದ ತೆಗೆಯಬಹುದೇ ಎಂದು ಕೇಳಿದೆ. ಬೇರೆಯವರ ಕೂದಲನ್ನು ದೇಹ ಒಪ್ಪುವುದಿಲ್ಲವಂತೆ. ಬೇಕಾದರೆ ನನ್ನದೇ ಗಡ್ಡದಿಂದ ಸ್ವಲ್ಪ ತೆಗೆಯಬಹುದಂತೆ.

ಆಮೇಲೆ ಯಾವಾಗ ಮಾಡಿಸುವುದೆಂಬ ಮಾತು ಬಂತು. ಕಾಫಿಯವನ ಬುದ್ಧಿ ಎಲ್ಲಿಗೆ ಹೋಗುತ್ತದೆ? ನಾನು ಗಂಭೀರವಾಗಿ ಹೇಳಿದೆ, 'ಜೂನ್‌ನಲ್ಲಿ ಇಟ್ಕೊಳ್ಳೋಣ ಡಾಕ್ಟ್ರೇ. ನಾಲ್ಕು ಮಳೆ ಬಿದ್ದು ತಂಪಾದ ಮೇಲೆ ನೆಟ್ಟರೆ ಬೇರು ಚೆನ್ನಾಗಿ ಹಿಡಿಯುತ್ತೆ.' ಡಾಕ್ಟರು ಪೆನ್ನು ಕೆಳಗಿಟ್ಟು, 'ಸರ್, ನೆಟ್ಟ ಮೇಲೆ ತಲೆಗೆ ಮಳೆ ಬೀಳೋ ಹಾಗೇ ಇಲ್ಲ' ಎಂದ. ಪಕ್ಕದಲ್ಲಿದ್ದ ನರ್ಸು ಕಿಟಕಿಯ ಕಡೆ ತಿರುಗಿಕೊಂಡಳು. ನೆಟ್ಟ ಕೂದಲು ಕೆಲವೇ ವಾರದಲ್ಲಿ ಉದುರಿಹೋಗುತ್ತದೆ, ಆಮೇಲೆ ನಿಧಾನ ಹುಟ್ಟುತ್ತದೆ, ಪೂರ್ತಿ ಕಾಣುವುದಕ್ಕೆ ಒಂದು ವರ್ಷವಾದರೂ ಬೇಕು ಎಂದೂ ತಿಳಿಸಿದ. ಒಂದು ವರ್ಷ! ಅಷ್ಟು ದಿನ ಅವ್ವ ಇರಬೇಕಲ್ಲ. 'ವರ್ಷದ ಮೇಲೆ ನಾನು ಇಪ್ಪತ್ತೈದರ ಹುಡುಗನ ಹಾಗೆ ಕಾಣ್ತೀನಾ?' ಎಂದು ಕೇಳಿದೆ. 'ಇಲ್ಲ ಸರ್. ಮುಂದೆ ಸ್ವಲ್ಪ ಕೂದಲಿರೋ, ಐವತ್ತು ದಾಟಿದೋರ ಹಾಗೆ ಕಾಣ್ತೀರಿ' ಎಂದ. ಇಷ್ಟು ನೇರವಾಗಿ ಮಾತಾಡುವ ಡಾಕ್ಟರಿಗೆ ಗಿರಾಕಿಗಳು ಹೇಗೆ ಬರುತ್ತಾರೋ ಗೊತ್ತಿಲ್ಲ. ಯೋಚಿಸಿ ಫೋನ್ ಮಾಡುತ್ತೇನೆಂದು ಹೇಳಿ ಘಾಟಿ ಹತ್ತಿದೆ.

ನಾಟಿಗೆ ಮುಂಚೆ ಒಂದು ಪರೀಕ್ಷೆ ಆಗಲಿ ಎಂದದ್ದು ಸುಮಾ. ರತ್ನಾಕರ ತನ್ನ ಹಳೆಯ ವಿಗ್ಗು ತಂದುಕೊಟ್ಟ. ಅದನ್ನು ಹಾಕಿಕೊಂಡು, ಅಂಗಿ ಬದಲಿಸಿ, ಅಂಗಳದಿಂದ ಒಳಗೆ ಬಂದೆ. ಅವ್ವ ನನ್ನನ್ನು ತುಂಬ ಹೊತ್ತು ನೋಡಿದಳು. ಇನ್ನೇನು 'ಏನೋ' ಎನ್ನುತ್ತಾಳೆ ಎಂದು ಕಾದೆ. 'ಯಜಮಾನ್ರು ತೋಟಕ್ಕೆ ಹೋಗಿದ್ದಾರೆ' ಎಂದಳು. 'ಮೆಣಸು ಕೇಳೋಕೆ ಬಂದ್ರಾ? ಈಗ ಕೊಡಲ್ಲ ಅಂದಿದ್ದಾರೆ, ರೇಟು ಬರ್ಲಿ ಅಂತ. ಕೂತ್ಕೊಳ್ಳಿ, ಕಾಫಿ ಕುಡ್ಕೊಂಡು ಹೋಗಿ.' ಸುಮಾ ಕಾಫಿ ತಂದುಕೊಟ್ಟಳು. ಮೆಣಸಿನ ವ್ಯಾಪಾರಿಯಾಗಿ ನಮ್ಮದೇ ಜಗಲಿಯಲ್ಲಿ ಕೂತು ಕಾಫಿ ಕುಡಿದು, ಹಿತ್ತಲಿಗೆ ಹೋಗಿ ವಿಗ್ಗು ಕಿತ್ತು ಬಿಸಾಡಿದೆ. ಬೋಳುತಲೆ ಇದ್ದರೆ ಗಂಡ, ಕೂದಲಿದ್ದರೆ ವ್ಯಾಪಾರಿ. ಮಗನಾಗುವುದಕ್ಕೆ ಮಂಗಳೂರಿನಲ್ಲೂ ಚಿಕಿತ್ಸೆ ಇಲ್ಲ ಎಂದು ಅರ್ಥವಾಗಿ ಬಹಳ ದುಃಖವಾಯಿತು.

ಅದಾದ ಮೇಲೆ ಒಂದು ಭಾನುವಾರ. ಮನೆಯಲ್ಲಿ ಕಡುಬು, ಕೋಳಿಸಾರು. ಬೇಗ ಬರುತ್ತೇನೆಂದು ಹೇಳಿ ಹೋದವನು ಪಲ್ಪರ್ ಬೆಲ್ಟು ಹರಿದು ಸಿಕ್ಕಿಹಾಕಿಕೊಂಡೆ. ಬರುವಾಗ ಮಧ್ಯಾಹ್ನ ಕಳೆದೇ ಹೋಗಿತ್ತು. ಅವ್ವ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಾಳೆ, ಕೈ ನಡುಗುತ್ತಿದೆ, ಹಣೆಯಲ್ಲಿ ಬೆವರು. ಸುಮಾ ಸಕ್ಕರೆ ನೀರಿನ ಲೋಟ ಹಿಡಿದು ಅಳುತ್ತಿದ್ದಾಳೆ. ಅವ್ವ ಬಾಯಿ ಬಿಗಿಹಿಡಿದಿದ್ದಾಳೆ. ನನಗೆ ತಲೆ ಕೆಟ್ಟುಹೋಯಿತು. 'ಮೊದಲು ಅದನ್ನು ಕುಡಿ!' ಎಂದು ಗುಡುಗಿದೆ. ಅವ್ವ ಗಟಗಟ ಕುಡಿದಳು. ಕುಡಿದದ್ದು ನೋಡಿ ನನಗೇ ಆಶ್ಚರ್ಯವಾಯಿತು. 'ಬಾ ಇಲ್ಲಿ. ತಟ್ಟೆ ತಗೊಂಡು ನನ್ನ ಎದುರಿಗೆ ಕೂತ್ಕೋ. ಇವತ್ತಿನಿಂದ ನಾನು ಮನೇಲಿರ್ಲಿ ಇಲ್ದಿರ್ಲಿ, ಹೊತ್ತಿಗೆ ಸರಿಯಾಗಿ ಉಣ್ಬೇಕು. ಕೇಳಿಸ್ತಾ?' ಎಂದೆ. ಅದು ಅಪ್ಪಯ್ಯನ ದನಿ, ಅಪ್ಪಯ್ಯನ ದರ್ಪ. ಆದರೆ ಅಪ್ಪಯ್ಯ ತನ್ನ ಇಡೀ ಆಯುಷ್ಯದಲ್ಲಿ ಆಡದಿದ್ದ ಮಾತು.

ಅವ್ವ ತಟ್ಟೆ ತಂದು ಎದುರಿಗೆ ಕೂತಳು. ಮದುಮಗಳ ಹಾಗೆ ಮುದುಡಿಕೊಂಡಿದ್ದಳು. ಎರಡು ಸಲ ಬಾಗಿಲ ಕಡೆ ನೋಡಿ, 'ಅಲ್ರೀ, ಮಗ ಬಂದ್ಬಿಟ್ರೆ? ಇಬ್ರೂ ಹೀಗೆ ಒಟ್ಟಿಗೆ ಕೂತಿದ್ದು ನೋಡಿ ಏನಂದ್ಕೊಳ್ತಾನೆ?' ಎಂದಳು.

'ಏನೂ ಅಂದ್ಕೊಳಲ್ಲ. ಉಣ್ಣು ನೀನು.'

ಅವ್ವ ಉಂಡಳು. ಹಸಿದಿದ್ದಳು ಪಾಪ, ಕಡುಬು ಮುರಿದು ಮುರಿದು ಉಂಡಳು. ಹೊಟ್ಟೆಗೆ ಬಿದ್ದಮೇಲೆ ಮೆಲ್ಲಗೆ ಮಾತು ಹೊರಟಿತು. 'ಅವನಿಗೆ ಬೈಬೇಡಿ ನೀವು. ಬಾಯಿ ಜೋರು, ಸಿಟ್ಟು ಜಾಸ್ತಿ, ಎಲ್ಲ ನಿಮ್ದೇ ಬಂದಿದೆ. ಆದ್ರೆ ಕರುಳು ಮೆತ್ತಗಿದೆ ಅವನದು. ಅವನಿದ್ದಾನೆ ಅಂತ್ಲೇ ನನಗೆ ಧೈರ್ಯ. ಎದುರಿಗೆ ಹೇಳಿಲ್ಲ ನಾನು, ಹೇಳಿದ್ರೆ ತಲೆ ಮೇಲೆ ಕೂತ್ಕೊಳ್ತಾನೆ.' ನನ್ನ ಇಷ್ಟು ವರ್ಷದ ಬಾಳಿನಲ್ಲಿ ಅವ್ವ ನನ್ನ ಬಗ್ಗೆ ಇಂಥ ಒಂದು ಮಾತು ಆಡಿದ್ದು ನಾನು ಕೇಳಿಲ್ಲ. ಅಪ್ಪಯ್ಯನ ಹತ್ತಿರ ಆಡುತ್ತಿದ್ದಳು ಎಂದೂ ಗೊತ್ತಿರಲಿಲ್ಲ. ಕಣ್ಣಿಗೆ ನೀರು ಬಂದು ತಟ್ಟೆ ಮಂಜಾಯಿತು. ಅವ್ವ ಇನ್ನೂ ಹೇಳುತ್ತಿದ್ದಳು, 'ಕೂದಲು ನೋಡಿ ಅವನದು, ಬಾಚಣಿಗೆ ಇಳಿಯಲ್ಲ. ಅದೊಂದು ನಿಮ್ಮ ಹಾಗೆ ಆಗ್ಲಿಲ್ಲ, ಪುಣ್ಯ.' ಸುಮಾ ಕೆಮ್ಮುತ್ತ ಹಿತ್ತಲಿಗೆ ಹೋದಳು.

ಅವತ್ತಿನಿಂದ ಅವ್ವ ಹೊತ್ತಿಗೆ ಸರಿಯಾಗಿ ಉಣ್ಣುತ್ತಾಳೆ. 'ಯಜಮಾನ್ರ ಅಪ್ಪಣೆ ಆಗಿದೆ' ಎಂದು ಸುಮಾಳಿಗೆ ಹೇಳಿ ತಾನೇ ತಟ್ಟೆ ಹಾಕಿಕೊಳ್ಳುತ್ತಾಳೆ. ಮಂಗಳೂರಿಗೆ ಫೋನ್ ಮಾಡಿ ನಾಟಿ ಬೇಡ ಎಂದುಬಿಟ್ಟೆ. ಯಾಕೆ ಸರ್ ಎಂದು ಕೇಳಿದರು. ಮನೆಯಲ್ಲಿ ಒಪ್ಪುವುದಿಲ್ಲ ಎಂದೆ. ಈಗ ಬೋಳುತಲೆಯ ಸ್ನೇಹಿತರು, ಅದು ಮಾಡಿಸುವುದಕ್ಕೆ ಯೋಗ್ಯವೇ ಎಂದು ನನ್ನ ಅಭಿಪ್ರಾಯ ಕೇಳುತ್ತಾರೆ. ಹಿಂದೆ ಸಾಕಷ್ಟು ಕೂದಲು ಉಳಿದಿದ್ದರೆ, ಆಸೆ ಹಿಡಿತದಲ್ಲಿದ್ದರೆ, ಮಾಡಿಸಿ ಎನ್ನುತ್ತೇನೆ. ನನ್ನಂಥ ಪೂರ್ತಿ ಬಯಲಾದವರು ಮೊದಲು ಮನೆಯಲ್ಲಿ ಯಾರಿಗಾದರೂ ಈ ತಲೆ ಬೇಕಾಗಿದೆಯೇ ಎಂದು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಆ ಭಾನುವಾರದ ಊಟದ ಕೊನೆಯದೊಂದು ಮಾತು ಉಳಿದಿದೆ. ಸಾರಿನ ಪಾತ್ರೆಯಲ್ಲಿ ಕೋಳಿಯ ಈಲಿ ಇತ್ತು, ಪೇಟೆಯವರು ಲಿವರ್ ಎನ್ನುವ ಮೆತ್ತನೆಯ ತುಂಡು. ನನಗೆ ಅದೆಂದರೆ ಪ್ರಾಣ. ಕಣ್ಣೊರೆಸಿಕೊಂಡು ಸೌಟು ಹಾಕಿದೆ. ಅವ್ವ ಥಟ್ಟನೆ ನನ್ನ ಕೈ ಹಿಡಿದಳು. 'ಅದನ್ನ ಮುಟ್ಬೇಡಿ ನೀವು. ಮಗನಿಗೆ ಇಷ್ಟ ಅದು, ಹಸ್ಕೊಂಡು ಬರ್ತಾನೆ' ಎಂದು ಈಲಿಯನ್ನು ಬಟ್ಟಲಿಗೆ ಹಾಕಿ, ಮೇಲೊಂದು ತಟ್ಟೆ ಮುಚ್ಚಿ, ತನ್ನ ಪಕ್ಕಕ್ಕೆ ಎಳೆದಿಟ್ಟುಕೊಂಡಳು. ನಾನು ಬರೀ ಸಾರಿನಲ್ಲಿ ಕಡುಬು ಅದ್ದಿ ತಿಂದು ಎದ್ದೆ.